ಭಾರ ಎತ್ತಬೇಡಮ್ಮ!

ಇವತ್ತು ರಾಜಕೀಯ ಬೇಡ. ನಮ್ಮ ಮನೆಯ ಸುದ್ದಿ ಹೇಳ್ತೀನಿ.

ಅಮ್ಮನಿಗೆ ಈಗ 71. ಕೋಣನಕುಂಟೆಯ ಮನೆಯಲ್ಲಿ ಒಬ್ಬರೇ ಇರ್ತಾರೆ. ಹೋದ ವರ್ಷ ಒಂದು ಸಂಜೆ ದೇವರ ಮುಂದೆ ದೀಪ ಹಚ್ಚಿ ನೆಲದ ಮೇಲೆ ಕೂತರು. ಏಳೋಕೆ ಆಗಲಿಲ್ಲ. ಬಿದ್ದಿರಲಿಲ್ಲ, ಮೂಳೆ ಮುರಿದಿರಲಿಲ್ಲ, ತಲೆ ಸುತ್ತಿರಲಿಲ್ಲ. ಮೈಯನ್ನು ಮೇಲಕ್ಕೆತ್ತುವಷ್ಟು ಕಸುವು ಕಾಲಲ್ಲಿರಲಿಲ್ಲ, ಅಷ್ಟೇ. ಫೋನು ಮೇಜಿನ ಮೇಲೆ. ಹಾಲ್‌ನ ಟಿವಿಯಲ್ಲಿ ನಾನು! ಏಳು ಗಂಟೆಯ ಚರ್ಚೆಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಕೂಗಾಡ್ತಿದ್ದೆ. ಪಕ್ಕದ ಮನೆಯಾಕೆ ಬಂದು ಕೈ ಕೊಟ್ಟು ಎಬ್ಬಿಸುವಷ್ಟರಲ್ಲಿ ಒಂದೂವರೆ ಗಂಟೆ ಆಗಿತ್ತು. ‘ನಿನ್ನ ಕಾರ್ಯಕ್ರಮ ಪೂರ್ತಿ ನೋಡಿದೆ ಕಣೋ’ ಅಂತ ಅಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ಯಾಕಂದ್ರೆ ಅಮ್ಮನನ್ನು ಹಾಗೆ ಮಾಡಿದವರು ನಾವೇ. ತುಂಬಿದ ಗ್ಯಾಸ್ ಸಿಲಿಂಡರ್ ಅಂದ್ರೆ 14.2 ಕೆಜಿ ಅನಿಲ, ಕಬ್ಬಿಣ ಸೇರಿದರೆ 30 ಕೆಜಿ ಹತ್ತಿರ. ಅದನ್ನು ಒಬ್ಬರೇ ಉರುಳಿಸಿ ಅಡುಗೆಮನೆಗೆ ತರ್ತಿದ್ದರು. 55 ದಾಟಿತು ನೋಡಿ, ಮಕ್ಕಳೆಲ್ಲ ಸೇರಿ ‘ಭಾರ ಎತ್ತಬೇಡಮ್ಮ’ ಅಂದ್ವಿ. ಬಿಂದಿಗೆ ಬಿಡಿಸಿದ್ವಿ, ಅಕ್ಕಿ ಚೀಲ ಬಿಡಿಸಿದ್ವಿ. ಒರಳುಕಲ್ಲು ಯಾವತ್ತೋ ಅಂಗಳ ಸೇರಿತ್ತು, ಈಗ ಅದರ ಮೇಲೆ ತುಳಸಿ ಕುಂಡ. ಪ್ರೀತಿಯಿಂದಲೇ ಮಾಡಿದ್ವಿ ಸ್ವಾಮಿ.

ದೇಹಕ್ಕೆ ಈ ಪ್ರೀತಿ ಅರ್ಥ ಆಗಲ್ಲ. ಬಳಸದ ಸ್ನಾಯುವನ್ನು ಅದು ಕರಗಿಸುತ್ತೆ. 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಪರ್ಸೆಂಟ್ ಸ್ನಾಯು ಹೋಗುತ್ತೆ, 60ರ ನಂತರ ಇನ್ನೂ ಬೇಗ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಮೂಳೆಯೂ ಸವೆಯುತ್ತೆ. ‘ವಾಕಿಂಗ್ ಹೋಗ್ತೀನಲ್ಲ’ ಅಂತೀರಿ. ಹೋಗಿ, ಹೃದಯಕ್ಕೆ ಒಳ್ಳೇದು. ಆದರೆ ನಡಿಗೆಯೊಂದೇ ಸಾಲದು. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸೋ ವ್ಯಾಯಾಮ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲೇ ಹೇಳಿದೆ. ಅಜ್ಜಿಯರಿಗೂ ಸೇರಿಸಿ!

‘ಈ ವಯಸ್ಸಲ್ಲಿ ಬಲ ಬರುತ್ತಾ?’ 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಒಂದು ವೃದ್ಧಾಶ್ರಮದ, ಸರಾಸರಿ 90 ವರ್ಷದ ಹತ್ತು ಜನರಿಗೆ ಎಂಟು ವಾರ ಕಾಲಿಂದ ಭಾರ ಎತ್ತಿಸಿದರು. ಒಬ್ಬರು ಮಧ್ಯದಲ್ಲೇ ಬಿಟ್ಟರು. ಉಳಿದವರ ಕಾಲಿನ ಬಲ ಸರಾಸರಿ ದುಪ್ಪಟ್ಟಿಗಿಂತ ಹೆಚ್ಚಾಯ್ತು. ತೊಂಬತ್ತಕ್ಕೆ, ನೆನಪಿರಲಿ.

ನಮ್ಮಲ್ಲಿ? ಕನಕಪುರ ರಸ್ತೆಯ ಜಿಮ್ ಬೋರ್ಡುಗಳನ್ನು ನೋಡಿ, ಅಂಗಿ ಬಿಚ್ಚಿದ ಹುಡುಗರೇ. ತಲೆ ನೆರೆತ ಹೆಂಗಸಿನ ಚಿತ್ರ ನಾನಂತೂ ಕಂಡಿಲ್ಲ. ನವೆಂಬರ್ 11 ಬಂದರೆ ಒನಕೆ ಓಬವ್ವನ ಜಯಂತಿ, ನಾವು ಚಾನೆಲ್‌ನವರೂ ವಿಶೇಷ ಕಾರ್ಯಕ್ರಮ ಮಾಡ್ತೀವಿ. ಮನೆಗೆ ಹೋಗಿ ಅಮ್ಮನ ಕೈಯಿಂದ ತರಕಾರಿ ಚೀಲ ಕಿತ್ಕೊಳ್ತೀವಿ.

ಅಮ್ಮನಿಗೆ ಒಬ್ಬ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದು ಸರಳ. ಮೊದಲು ಕುರ್ಚಿಯಿಂದ ಏಳೋದು, ಕೂರೋದು. ಶುರುವಿನಲ್ಲಿ ಐದು ಸಲಕ್ಕೇ ಏದುಸಿರು. ಆಮೇಲೆ ಗೋಡೆ ತಳ್ಳೋದು. ಮೂರನೇ ತಿಂಗಳಿಗೆ ಎರಡು ಲೀಟರ್ ನೀರಿನ ಬಾಟಲಿ ಎದೆಗವಚಿಕೊಂಡು ಏಳೋದು. ಈಗ 5 ಕೆಜಿ ಅಕ್ಕಿ ಚೀಲ. ಗುಟ್ಟು ಇಷ್ಟೇ, ಹಗುರ ಅನ್ನಿಸಿದ ಮೇಲೆ ಭಾರ ಹೆಚ್ಚಿಸಬೇಕು. ಉಸಿರು ಬಿಗಿಹಿಡೀಬಾರದು, ಬೆನ್ನು ಗೂನು ಮಾಡಿ ಎತ್ತಬಾರದು. ಬಿಪಿ, ಮೂಳೆ ಸವೆತ ಇದ್ದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ನನ್ನ ಮಾತು ಕೇಳಿ ನಾಳೆಯೇ ಕಲ್ಲು ಎತ್ತಬೇಡಿ!

ಹೋದ ವಾರ ಅಮ್ಮ ನೆಲದ ಮೇಲೆ ಕೂತು ದೀಪ ಹಚ್ಚಿದರು. ಒಂದು ಕೈ ಸ್ಟೂಲಿನ ಮೇಲಿಟ್ಟು ತಾವೇ ಎದ್ದರು. ನಾನು ಕೈ ಚಾಚಿದೆ, ‘ಸರಿ ಆ ಕಡೆ’ ಅಂದರು. ಸಿಲಿಂಡರ್ ಮಾತ್ರ ಮುಟ್ಟಬೇಡಮ್ಮ, ನಾನೇ ಬರ್ತೀನಿ ಅಂತ ಹೇಳಿ ಬಂದಿದ್ದೀನಿ. ಕೇಳೋ ಹಾಗೆ ಕಾಣ್ತಿಲ್ಲ.