ಹಂಗಾಮಿನ ಮೊದಲ ಪಂದ್ಯಗಳು

ಬೆಳೆ ಕೊಯ್ಲಿಗೆ ಬರುವ ಮೊದಲೇ ರೈತನು ಕಣ ಮಾಡಿಕೊಳ್ಳುತ್ತಾನೆ. ನೆಲವನ್ನು ಕೆತ್ತಿ ಹಸನು ಮಾಡಿ, ನೀರು ಹೊಡೆದು, ತುಳಿಸಿ, ಸೆಗಣಿಯಿಂದ ಸಾರಿಸಿ ಗಟ್ಟಿ ಮಾಡುತ್ತಾನೆ. ತೆನೆ ಎಷ್ಟೇ ತುಂಬಿಕೊಂಡಿರಲಿ, ಕಣವಿಲ್ಲದೆ ರಾಶಿಯಿಲ್ಲ. ಈ ಕಣ ಎಂಬ ಮಾತನ್ನೇ ನಾವು ಕುಸ್ತಿಗೂ ಬಳಸುತ್ತೇವೆ, ಚುನಾವಣೆಗೂ ಬಳಸುತ್ತೇವೆ; ಸ್ಪರ್ಧೆ ನಡೆಯುವ ಸ್ಥಳವೆಲ್ಲ ನಮಗೆ ಕಣವೇ. ಕಾಲೇಜು ತರುಣರ ಬಾಸ್ಕೆಟ್‌ಬಾಲ್ ಆಟದ ವಿಷಯವಾಗಿ ನಾಲ್ಕು ಮಾತು ಹೇಳಹೊರಟ ನಾನು ಕಣದಿಂದಲೇ ಮೊದಲು ಮಾಡಿದ್ದಕ್ಕೆ ಕಾರಣವುಂಟು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಂಥ ಊರುಗಳಲ್ಲಿ ಈ ಆಟದ ಏಳುಬೀಳು ಬಹುಮಟ್ಟಿಗೆ ಕಣವನ್ನೇ ನೆಚ್ಚಿಕೊಂಡಿದೆ.

ಆಟದ ಸ್ವರೂಪವನ್ನು ಮೊದಲು ತಿಳಿಯೋಣ. ಇದಕ್ಕೆ 28 ಮೀಟರು ಉದ್ದ, 15 ಮೀಟರು ಅಗಲದ ಅಂಗಳ ಬೇಕು. ಸುತ್ತ ಓಡಾಡಲು ಬಿಡುವ ಜಾಗವನ್ನೂ ಸೇರಿಸಿಕೊಂಡರೆ ನಮ್ಮ ಲೆಕ್ಕದಲ್ಲಿ ಸುಮಾರು 6 ಗುಂಟೆ ನೆಲ. ಎರಡೂ ತುದಿಗೆ 10 ಅಡಿ ಎತ್ತರದಲ್ಲಿ ಒಂದೊಂದು ಕಬ್ಬಿಣದ ಬಳೆ, ಅದಕ್ಕೆ ತೂಗುಬಿಟ್ಟ ಬಲೆ. ಒಂದು ಪಕ್ಷಕ್ಕೆ ಏಕಕಾಲಕ್ಕೆ ಐವರು ಆಟಗಾರರು. ತಂಡದಲ್ಲಿ ಒಟ್ಟು 12 ಜನರವರೆಗೆ ಇರಬಹುದು. ಹತ್ತು ಹತ್ತು ನಿಮಿಷದ ನಾಲ್ಕು ಭಾಗಗಳಲ್ಲಿ ಆಟ ಮುಗಿಯುತ್ತದೆ. ಚೆಂಡನ್ನು ಬಳೆಯೊಳಗೆ ಇಳಿಸಿದರೆ 2 ಅಂಕ, 6.75 ಮೀಟರಿನ ಗೆರೆಯ ಆಚೆಯಿಂದ ಎಸೆದು ಇಳಿಸಿದರೆ 3. ಚೆಂಡನ್ನು ಹಿಡಿದುಕೊಂಡು ಓಡುವಂತಿಲ್ಲ. ನೆಲಕ್ಕೆ ಪುಟಿಸುತ್ತ ಸಾಗಬೇಕು, ಇಲ್ಲವೆ ಜೊತೆಗಾರನ ಕೈಗೆ ದಾಟಿಸಬೇಕು. ರಾಮದುರ್ಗದ ಮಗ್ಗಗಳ ಮುಂದೆ ನಿಂತು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಲಾಳಿ ಅತ್ತಿಂದಿತ್ತ ಓಡಿದಷ್ಟೂ ಬಟ್ಟೆ ಬೆಳೆಯುವಂತೆ, ಚೆಂಡು ಕೈಯಿಂದ ಕೈಗೆ ಓಡಾಡಿದಷ್ಟೂ ಆಟ ಬೆಳೆಯುತ್ತದೆ.

ಚೆಂಡನ್ನು ಪುಟಿಸುವ ಕೌಶಲ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಸಂಸ್ಕೃತದಲ್ಲಿ ದಂಡಿಯ 'ದಶಕುಮಾರಚರಿತ'ವನ್ನು ಓದಿದವರು ಕಂದುಕಾವತಿ ಎಂಬ ರಾಜಪುತ್ರಿಯನ್ನು ಬಲ್ಲರು. ದೇವಿಯ ಸೇವೆಯೆಂದು ಅವಳು ಜನರ ಮುಂದೆ ಕಂದುಕವನ್ನು ಪುಟಿಸುತ್ತ ಆಡುವ ಪ್ರಸಂಗ ಆ ಕಾವ್ಯದಲ್ಲಿ ಬಹು ವಿಸ್ತಾರವಾಗಿ ಬಂದಿದೆ. ಆದರೆ ಎತ್ತರದ ಬುಟ್ಟಿಗೆ ಚೆಂಡನ್ನು ಇಳಿಸುವ ಈ ಪಂದ್ಯದ ಹುಟ್ಟು ಅಮೆರಿಕದಲ್ಲಿ. 1891ರ ಡಿಸೆಂಬರ್ ತಿಂಗಳು, ಸ್ಪ್ರಿಂಗ್‌ಫೀಲ್ಡ್ ಎಂಬ ಊರು. ಹೊರಗೆ ಕಡುಚಳಿ, ಬಯಲಾಟ ಸಾಧ್ಯವಿಲ್ಲ. ತರಬೇತಿಗೆ ಬಂದಿದ್ದ 18 ಮಂದಿ ತರುಣರು ಒಳಗಿನ ಕಸರತ್ತಿಗೆ ಬೇಸತ್ತಿದ್ದರು. ಅವರ ಶಿಕ್ಷಕ ಜೇಮ್ಸ್ ನೈಸ್ಮಿತ್ ಎಂಬಾತನು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ತರಿಸಿ, ಮೇಲಿನ ಮೊಗಸಾಲೆಯ ಕಟಕಟೆಗೆ ಹೊಡೆಸಿ, 13 ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದ. ಆ ಕಟಕಟೆ ನೆಲದಿಂದ 10 ಅಡಿ ಎತ್ತರದಲ್ಲಿತ್ತು. ಇಂದಿಗೂ ಬಳೆಯ ಎತ್ತರ ಅಷ್ಟೇ. ಆ ದಿನದ ಪಂದ್ಯದಲ್ಲಿ ಬುಟ್ಟಿಗೆ ಬಿದ್ದದ್ದು ಒಂದೇ ಒಂದು ಚೆಂಡು. ಇಂದು ಲೋಕವೆಲ್ಲ ಆಡುವ ಆಟದ ಮೊಟ್ಟಮೊದಲ ಪಂದ್ಯ 1–0ಕ್ಕೆ ಮುಗಿಯಿತು ಎಂಬುದನ್ನು ಸಣ್ಣ ಕಾಲೇಜಿನವರು ನೆನಪಿನಲ್ಲಿಡುವುದು ಲೇಸು.

ವೈ.ಎಂ.ಸಿ.ಎ. ಸಂಸ್ಥೆಯ ಮೂಲಕ ಆಟ ಭಾರತಕ್ಕೆ ಬಂತು. 1920ರಲ್ಲಿ ಹ್ಯಾರಿ ಬಕ್ ಎಂಬಾತನು ಮದರಾಸಿನಲ್ಲಿ ಪ್ರಾರಂಭಿಸಿದ ವ್ಯಾಯಾಮ ಶಿಕ್ಷಣ ಕಾಲೇಜಿನಲ್ಲಿ ತರಬೇತಾದ ಶಿಕ್ಷಕರು ಅದನ್ನು ಊರೂರಿಗೆ ಒಯ್ದರು. 1934ರಲ್ಲಿ ದೆಹಲಿಯಲ್ಲಿ ಪುರುಷರ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. 1950ರಲ್ಲಿ ರಾಷ್ಟ್ರೀಯ ಫೆಡರೇಶನ್ ಸ್ಥಾಪನೆಯಾಯಿತು. 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ನಮ್ಮ ದೇಶದ ತಂಡವೂ ಆಡಿತು. ಪಂಜಾಬಿನ ಬಲ್ಲೋಕೆ ಎಂಬ ಚಿಕ್ಕ ಹಳ್ಳಿಯ ಸತ್ನಾಮ್ ಸಿಂಗ್ ಎಂಬ ತರುಣನನ್ನು 2015ರಲ್ಲಿ ಅಮೆರಿಕದ ವೃತ್ತಿಪರ ತಂಡವೊಂದು ಆರಿಸಿಕೊಂಡಿತು. ಈ ಆಟ ಪಟ್ಟಣದವರ ಸೊತ್ತೆಂದು ಭಾವಿಸಿದವರಿಗೆ ಆ ಹಳ್ಳಿಯ ಹೆಸರೇ ಉತ್ತರ.

ಇನ್ನು ನಮ್ಮ ಸೀಮೆಗೆ ಬರೋಣ. ಬೆಳಗಾವಿ ಜಿಲ್ಲೆಯ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ಆಶ್ರಯಕ್ಕೆ ಬಂದವು. ಕಿತ್ತೂರಿನಲ್ಲಿ 1824ರಲ್ಲಿ ಕಾದಾಡಿ, ಬೈಲಹೊಂಗಲದ ಕೋಟೆಯ ಸೆರೆಯಲ್ಲಿ 1829ರಲ್ಲಿ ಪ್ರಾಣಬಿಟ್ಟ ರಾಣಿಯ ಹೆಸರನ್ನು ಹೊತ್ತ ವಿಶ್ವವಿದ್ಯಾಲಯವಿದು. ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳಲ್ಲಿ ಮಿಂಚಿದವರನ್ನು ಆಯ್ದು ವಿಶ್ವವಿದ್ಯಾಲಯದ ತಂಡ ಕಟ್ಟುತ್ತಾರೆ. ಆ ತಂಡ ವಲಯ ಮಟ್ಟದಲ್ಲಿ ಬೇರೆ ವಿಶ್ವವಿದ್ಯಾಲಯಗಳನ್ನು ಎದುರಿಸುತ್ತದೆ. ಆದಕಾರಣ ಹಂಗಾಮಿನ ಮೊದಲ ಪಂದ್ಯಗಳೆಂದರೆ ಬರಿಯ ಪೀಠಿಕೆಯಲ್ಲ. ಸಣ್ಣ ಊರಿನ ಹುಡುಗನಿಗೆ ಆಯ್ಕೆಗಾರರ ಕಣ್ಣಿಗೆ ಬೀಳುವ ಸಂದರ್ಭ ಇದೊಂದೇ ಆಗಿರಬಹುದು.

ಈ ಸಂದರ್ಭ ಬರುವುದು ಎಂಥ ಕಾಲದಲ್ಲಿ, ನೋಡಿರಿ. ವಿದ್ಯಾರ್ಥಿಗಳು ತಾಲೀಮು ಮಾಡಬೇಕಾದ ತಿಂಗಳುಗಳೆಲ್ಲ ಮಳೆಗಾಲದ ತಿಂಗಳುಗಳು. ಬೈಲಹೊಂಗಲದಿಂದ ಸವದತ್ತಿ, ರಾಮದುರ್ಗದ ಕಡೆಗೆ ಹೋದಂತೆ ಎರೆಭೂಮಿಯ ಹರವು. ಹತ್ತಿಗೂ ಬಿಳಿಜೋಳಕ್ಕೂ ತಾಯಿಯಂಥ ನೆಲ; ಪುಟಿಯುವ ಚೆಂಡಿಗೆ ಮಾತ್ರ ಮಲತಾಯಿ. ನೆನೆದರೆ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಕಬಡ್ಡಿ, ಖೊ ಖೊ ಆಟಗಳಿಗೆ ಚೆಂಡಿನ ಹಂಗಿಲ್ಲ. ವಾಲಿಬಾಲಿನಲ್ಲಿ ಚೆಂಡು ನೆಲ ಮುಟ್ಟಿದರೆ ಆಟವೇ ನಿಂತಿತು. ನೆಲದ ಪುಟಿತವನ್ನೇ ನಂಬಿದ ಆಟ ಬಾಸ್ಕೆಟ್‌ಬಾಲ್. ಆದ್ದರಿಂದ ಊರಿನ ಉಳಿದ ಆಟಗಳು ಆಷಾಢ, ಶ್ರಾವಣಗಳಲ್ಲಿಯೂ ಹೇಗೋ ಸಾಗುವಾಗ, ಗಟ್ಟಿ ಅಂಗಳವಿಲ್ಲದ ಕಾಲೇಜಿನಲ್ಲಿ ಇದೊಂದು ಮೂಲೆಗುಂಪಾಗುತ್ತದೆ.

ಕೆಸರಿನ ಪ್ರಭಾವ ಎಷ್ಟೆಂಬುದಕ್ಕೆ ದೊಡ್ಡದೊಂದು ಸಾಕ್ಷಿಯುಂಟು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಮೊದಲ ಬಾರಿ ಪದಕದ ಸ್ಥಾನ ದೊರೆಯಿತು. ಪಂದ್ಯಗಳನ್ನು ಏರ್ಪಡಿಸಿದ್ದು ಬಯಲಿನ ಟೆನಿಸ್ ಅಂಗಳದಲ್ಲಿ, ಜೇಡಿ ಮತ್ತು ಮರಳಿನ ನೆಲದ ಮೇಲೆ. ಅಂತಿಮ ಪಂದ್ಯದ ದಿನ ಮಳೆ ಸುರಿಯಿತು. ಚೆಂಡು ಪುಟಿಯದೆ ಕೆಸರಿನಲ್ಲಿ ನಿಂತಿತು. ಲೋಕದ ಅತ್ಯುತ್ತಮ ಎರಡು ತಂಡಗಳು ಆಡಿಯೂ ಅಮೆರಿಕ 19, ಕೆನಡಾ 8 ಎಂದು ಆಟ ಮುಗಿಯಿತು. ಒಲಿಂಪಿಕ್ ವೀರರ ಕೈಯನ್ನೇ ಕೆಸರು ಕಟ್ಟಿಹಾಕಿತೆಂದ ಮೇಲೆ, ನಾಲ್ಕು ತಿಂಗಳು ಚೆಂಡು ಪುಟಿಸಲು ಎಡೆಯಿಲ್ಲದೆ ಇದ್ದು, ಬಸ್ಸು ಹತ್ತಿ ಬೆಳಗಾವಿಗೆ ಹೋಗಿ ಕಾಂಕ್ರೀಟಿನ ಅಂಗಳದಲ್ಲಿ ನಿಲ್ಲುವ ರಾಮದುರ್ಗದ ಕಡೆಯ ಹುಡುಗನಿಂದ ಮೊದಲ ದಿನವೇ ಏನನ್ನು ನಿರೀಕ್ಷಿಸುವುದು? ಅಂದಿನ ಅಂಕಪಟ್ಟಿ ಹುಡುಗನ ಯೋಗ್ಯತೆಯನ್ನು ಹೇಳುವುದಕ್ಕಿಂತ ಅವನ ಊರಿನ ನೆಲದ ಸುದ್ದಿಯನ್ನೇ ಹೆಚ್ಚಾಗಿ ಹೇಳುತ್ತದೆ.

ಎರಡನೆಯ ತೊಡಕು ನಮ್ಮ ಹುಡುಗರ ಗುಣದಿಂದಲೇ ಬರುವಂಥದು. ಅವರು ಕಬಡ್ಡಿಯಲ್ಲಿ ಬೆಳೆದವರು. ಎದುರಾಳಿ ಬಂದರೆ ಹಿಡಿಯಬೇಕು, ತಡೆಯಬೇಕು ಎಂಬುದು ರಕ್ತದಲ್ಲಿ ಇಳಿದಿರುತ್ತದೆ. ನೈಸ್ಮಿತನು ಹೊಸ ಆಟವನ್ನು ಕಟ್ಟಿದ್ದೇ ಈ ಹಿಡಿತ, ನೂಕಾಟಗಳನ್ನು ತಪ್ಪಿಸುವುದಕ್ಕಾಗಿ. ಮೈಗೆ ಮೈ ತಾಗಿಸಿ ಅಡ್ಡಿ ಮಾಡಿದರೆ ಅದು ಫೌಲ್. ಒಬ್ಬ ಆಟಗಾರನು 5 ಫೌಲ್ ಮಾಡಿದರೆ ಆಟದಿಂದ ಹೊರಗೆ. ಇಡೀ ತಂಡ ಆಟದ ಒಂದು ಭಾಗದಲ್ಲಿ 4 ಫೌಲ್ ದಾಟಿದರೆ, ಮುಂದಿನ ಪ್ರತಿಯೊಂದು ಫೌಲಿಗೂ ಎದುರಾಳಿಗೆ 2 ಮುಕ್ತ ಎಸೆತ. ದೊಡ್ಡ ಕಾಲೇಜಿನಲ್ಲಿ ಹನ್ನೆರಡು ಜನ ಪಳಗಿದವರಿದ್ದರೆ ಒಬ್ಬ ಹೋದರೆ ಇನ್ನೊಬ್ಬ ಬಂದಾನು. ಏಳೆಂಟು ಜನರ ತಂಡ ಕಟ್ಟಿಕೊಂಡು ಹೋದ ಸಣ್ಣ ಕಾಲೇಜಿಗೆ ಇಬ್ಬರು ಹೊರಬಿದ್ದರೆ ಬೆನ್ನೆಲುಬೇ ಮುರಿದಂತೆ. ಖೊ ಖೊ ಆಡಿದ ಹುಡುಗನಿಗೆ ಮಾತ್ರ ಇಲ್ಲೊಂದು ಅನುಕೂಲವಿದೆ: ಥಟ್ಟನೆ ತಿರುಗುವುದು, ಮೈ ತಪ್ಪಿಸುವುದು ಅವನಿಗೆ ಬಲ್ಲ ವಿದ್ಯೆ. ತಂಡ ಆರಿಸುವವರು ಎತ್ತರವನ್ನು ಮಾತ್ರ ಅಳೆಯದೆ ಖೊ ಖೊ ಅಂಗಳದ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕೆಂದು ನನಗೆ ತೋರುತ್ತದೆ.

ಮುಕ್ತ ಎಸೆತ ಎಂದೆನಷ್ಟೆ. ಬಡ ಕಾಲೇಜಿನ ಬಂಡವಾಳ ಅಡಗಿರುವುದು ಅಲ್ಲಿಯೇ. ಅದನ್ನು ಎಸೆಯುವಾಗ ಯಾರೂ ಅಡ್ಡ ಬರುವಂತಿಲ್ಲ. ಗೆರೆಯ ಹಿಂದೆ ನಿಂತು, ಉಸಿರು ಹಿಡಿದು, ಬಳೆಯನ್ನು ನೋಡಿ ಎಸೆಯಬೇಕು. ಒಳಗೆ ಇಳಿದರೆ 1 ಅಂಕ. ಇದರ ಅಭ್ಯಾಸಕ್ಕೆ ಇಡೀ ಅಂಗಳ ಬೇಡ. ಒಂದು ಕಂಬ, ಒಂದು ಬಳೆ, ನಿಲ್ಲಲು ನಾಲ್ಕು ಹಾಸುಗಲ್ಲು ಇದ್ದರಾಯಿತು. ಒಂದು ತಂಡಕ್ಕೆ 20 ಮುಕ್ತ ಎಸೆತಗಳು ದೊರೆತು 8 ಮಾತ್ರ ಇಳಿದರೆ 12 ಅಂಕ ಕೈಬಿಟ್ಟವು. ಹತ್ತು ಅಂಕದಿಂದ ಸೋತೆವೆಂದು ತಲೆ ತಗ್ಗಿಸಿ ಬಂದ ತಂಡ ಆ ಲೆಕ್ಕವನ್ನು ಒಮ್ಮೆ ತೆಗೆದು ನೋಡಲಿ. ಸೋಲಿಗೆ ಕಾರಣ ಎದುರಾಳಿಯ ಎತ್ತರವಲ್ಲ, ತಮ್ಮದೇ ಅಭ್ಯಾಸದ ಕೊರತೆ ಎಂದು ಗೊತ್ತಾದರೆ ಅದು ದುಃಖದ ಮಾತಲ್ಲ. ಆ ಕೊರತೆ ತುಂಬಿಕೊಳ್ಳಬಹುದಾದದ್ದು.

ಮೂರನೆಯ ತೊಡಕು ಹೊತ್ತಿನದು. ನಮ್ಮ ಕಾಲೇಜುಗಳಿಗೆ ಬರುವವರಲ್ಲಿ ಬಹು ಮಂದಿ ಸುತ್ತಲಿನ ಹಳ್ಳಿಯವರು. ಸಂಜೆಯ ತಾಲೀಮಿಗೆ ನಿಂತರೆ ಊರಿನ ಬಸ್ಸು ತಪ್ಪುತ್ತದೆ. ಬಸ್ಸು ಹಿಡಿದರೆ ತಾಲೀಮು ತಪ್ಪುತ್ತದೆ. ಸಾಲದ್ದಕ್ಕೆ ಹೆಸರು ಬಿಡಿಸುವ ಕಾಲ, ಹಿಂಗಾರಿ ಜೋಳ, ಕಡಲೆ ಬಿತ್ತುವ ಕಾಲ ಇದೇ ತಿಂಗಳುಗಳಲ್ಲಿ ಬರುತ್ತದೆ. ಮನೆಯಲ್ಲಿ ಕೈ ಬೇಕಾದಾಗ ತಂದೆಗೆ 'ಚೆಂಡಾಟವಿದೆ' ಎಂದು ಹೇಳಲು ಯಾವ ಹುಡುಗನಿಗೆ ಬಾಯಿ ಬಂದೀತು? ಪದವಿಯ ಓದು ಮೂರು ವರ್ಷದ್ದೆಂದು ಹಿಡಿದರೆ ಅವನ ಪಾಲಿಗೆ ಸಿಗುವುದು ಮೂರೇ ಹಂಗಾಮು. ಮೊದಲನೆಯದು ಕಲಿಯುವುದರಲ್ಲಿ ಕಳೆಯುತ್ತದೆ. ಎರಡನೆಯದರ ಮೊದಲ ಎರಡು ಪಂದ್ಯ ಸೋತೊಡನೆ 'ಇದು ನಮ್ಮವರಿಗೆ ಹೇಳಿದ್ದಲ್ಲ' ಎಂದು ಹಿರಿಯರು ತಂಡವನ್ನೇ ಕೈಬಿಟ್ಟರೆ, ಅವನಿಗೆ ಉಳಿದದ್ದೇನು? ನಾನು ಕನ್ನಡ ಕಲಿಸುವವನು; ಅಕ್ಷರ ತಿದ್ದುವ ಮಗುವಿನ ಮೊದಲ ವಾರದ ಪಾಟಿಯನ್ನು ನೋಡಿ ಅದರ ವಿದ್ಯೆಯನ್ನು ನಿರ್ಣಯಿಸಿದವರನ್ನು ಕಂಡಿಲ್ಲ. ಆಟದಲ್ಲಿ ಮಾತ್ರ ಆ ತಾಳ್ಮೆ ನಮಗೇಕಿಲ್ಲ?

ಹಾಗಾದರೆ ಮಾಡತಕ್ಕದ್ದೇನು? ಮೊದಲು ಕಣ. ಎರೆಮಣ್ಣಿನ ಮೇಲೆ ನೇರವಾಗಿ ಕಾಂಕ್ರೀಟು ಹಾಕಿದರೆ ಎರಡು ಮಳೆಗಾಲದಲ್ಲಿ ಸೀಳಿಹೋದೀತು. ಮನೆ ಕಟ್ಟಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ: ಎರೆಯನ್ನು ತೋಡಿ ತೆಗೆದು, ಗರಸು ತುಂಬಿ, ನೀರು ಹಾಕಿ ಧಮ್ಮಸ್ಸು ಮಾಡಿದ ಮೇಲೆಯೇ ಅಡಿಪಾಯ. 6 ಗುಂಟೆಯ ಅಂಥ ಅಂಗಳವೊಂದು ಊರಿಗೆ ಇದ್ದರೆ ಅದನ್ನು ಒಂದು ಕಾಲೇಜು ಮಾತ್ರವಲ್ಲ, ಎಲ್ಲ ಶಾಲೆಗಳೂ ಸರದಿಯಂತೆ ಬಳಸಬಹುದು. ಎರಡನೆಯದು, ತಾಲೀಮಿನ ಹೊತ್ತನ್ನು ಬಸ್ಸಿನ ಹೊತ್ತಿಗೆ ಹೊಂದಿಸುವುದು. ಬೆಳಗಿನ ಪಾಠಕ್ಕೆ ಮುಂಚೆ ಒಂದು ತಾಸು ದೊರೆತರೂ ಸಂಜೆಯ ಎರಡು ತಾಸಿನ ಆಸೆಗಿಂತ ಅದು ಮೇಲು. ಮೂರನೆಯದು, ನಾಲ್ಕು ಊರಿನವರು ಬೆಳಗಾವಿಯ ಹಾದಿ ಹಿಡಿಯುವ ಮೊದಲು ತಮ್ಮ ತಮ್ಮಲ್ಲಿಯೇ ಸ್ನೇಹಪಂದ್ಯಗಳನ್ನು ಆಡಿಕೊಳ್ಳುವುದು. ಬೈಲಹೊಂಗಲದಿಂದ ಕಿತ್ತೂರಾಗಲಿ, ಸವದತ್ತಿಯಾಗಲಿ ದೂರವೇನಲ್ಲ. ಸೋಲಿನ ಮೊದಲ ರುಚಿಯನ್ನು ನೆರೆಯವರ ಕೈಯಲ್ಲಿ ಉಂಡವನಿಗೆ ದೊಡ್ಡ ಊರಿನಲ್ಲಿ ಕೈ ನಡುಗುವುದಿಲ್ಲ.

ನಾಲ್ಕನೆಯದು ನಿಮ್ಮಿಂದ ಆಗಬೇಕಾದದ್ದು. ನಿಮ್ಮ ಊರಿನಲ್ಲಿ ಪಂದ್ಯ ನಡೆದರೆ ಹೋಗಿ ನೋಡಿರಿ. ಚೆಂಡು ಬುಟ್ಟಿಗೆ ಬಿದ್ದಾಗ ಕೂಗುವವರು ಬಹಳ. ನೀವು ಬೇರೊಂದನ್ನು ಗಮನಿಸಿರಿ. ಚೆಂಡನ್ನು ಕಳೆದುಕೊಂಡ ಹುಡುಗ ಮರುಕ್ಷಣ ಏನು ಮಾಡುತ್ತಾನೆ? ನಿಂತಲ್ಲೇ ನಿಲ್ಲುತ್ತಾನೆಯೋ, ತಿರುಗಿ ಓಡಿ ತನ್ನ ಬುಟ್ಟಿಯನ್ನು ಕಾಯುತ್ತಾನೆಯೋ? ತಾನು ಎಸೆಯಬಹುದಾದ ಚೆಂಡನ್ನು ತನಗಿಂತ ಅನುಕೂಲವಾದ ಜಾಗದಲ್ಲಿರುವ ಜೊತೆಗಾರನಿಗೆ ಕೊಡುತ್ತಾನೆಯೋ? ನಾಲ್ಕನೆಯ ಭಾಗದಲ್ಲಿ, ಇಪ್ಪತ್ತು ಅಂಕ ಹಿಂದೆ ಬಿದ್ದಾಗಲೂ, ಮೊದಲನೆಯ ಭಾಗದಂತೆಯೇ ಓಡುತ್ತಾನೆಯೋ? ಹಂಗಾಮಿನ ಆದಿಯಲ್ಲಿ ಈ ಮೂರು ಕಂಡುಬಂದರೆ ಆ ತಂಡ ಸೋತಿದ್ದರೂ ಬೆಳೆಯುತ್ತಿದೆ ಎಂದು ತಿಳಿಯಿರಿ. ಇವು ಕಾಣದೆ ಗೆದ್ದಿದ್ದರೆ ಆ ಗೆಲುವನ್ನು ಹೆಚ್ಚು ನಂಬಬೇಡಿರಿ.

ಮನೆಗೆ ಮರಳಿದ ಹುಡುಗನನ್ನು 'ಗೆದ್ದಿರೋ, ಸೋತಿರೋ' ಎಂದು ಕೇಳುವುದು ರೂಢಿ. ಈ ಸಲ 'ಮುಕ್ತ ಎಸೆತ ಎಷ್ಟು ಸಿಕ್ಕವು, ಎಷ್ಟು ಇಳಿದವು' ಎಂದು ಕೇಳಿ ನೋಡಿರಿ. ಮನೆಯವರಿಗೆ ಆಟ ತಿಳಿಯುತ್ತದೆ ಎಂದು ಕಂಡುಕೊಂಡ ಹುಡುಗ ಮರುದಿನ ಬೆಳಿಗ್ಗೆ ಒಂದು ತಾಸು ಮುಂಚಿತವಾಗಿಯೇ ಬಸ್ಸಿಗೆ ನಿಂತಾನು.