ಬ್ಯಾಟರಿಗೆ ಎಂಬತ್ತು ಸಾಕು

ಮಕ್ಕಳೇ, ನಮ್ಮ ಪಾಂಡವಪುರದ ಪಕ್ಕದ್ದೇ ಶ್ರೀರಂಗಪಟ್ಟಣ ತಾಲ್ಲೂಕು. ಅಲ್ಲಿ ಮರಳಗಾಲ, ಅಲ್ಲಾಪಟ್ಟಣ ಅನ್ನುವ ಊರುಗಳಿವೆ. ಕೆಲವು ವರ್ಷಗಳ ಹಿಂದೆ ಈ ಊರುಗಳ ಹೆಸರು ದೆಹಲಿಯ ಸಂಸತ್ತಿನಲ್ಲೂ ಕೇಳಿಬಂತು. ಪರಮಾಣು ಖನಿಜ ನಿರ್ದೇಶನಾಲಯದ ಭೂವಿಜ್ಞಾನಿಗಳು ಅಲ್ಲಿನ ಬಂಡೆಗಳಲ್ಲಿ ಲಿಥಿಯಂ ಇರುವುದನ್ನು ಪತ್ತೆಹಚ್ಚಿದ್ದರು. ಸುಮಾರು 1,600 ಟನ್ ಇರಬಹುದು ಅನ್ನುವುದು 2021ರಲ್ಲಿ ಸರ್ಕಾರ ಹೇಳಿದ ಆರಂಭದ ಅಂದಾಜು. ಲಿಥಿಯಂ ಅಲ್ಲಿ ಬಿಡಿ ಲೋಹವಾಗಿ ಸಿಗುವುದಿಲ್ಲ. ಸ್ಪೋಡುಮೀನ್ ಎಂಬ ಹರಳಿನೊಳಗೆ ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕಗಳ ಜೊತೆ ಸೇರಿಕೊಂಡಿರುತ್ತದೆ.

ಲೋಹಗಳಲ್ಲೆಲ್ಲ ಅತಿ ಹಗುರ ಲಿಥಿಯಂ. ಒಂದು ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಅದು ಇರುವುದು ಕೆಲವೇ ಗ್ರಾಂ. ಆದರೆ ಆ ಕೆಲವು ಗ್ರಾಂ ಲಿಥಿಯಂ ಬಂಡೆಯಿಂದಲೋ ಉಪ್ಪುನೀರಿನಿಂದಲೋ ಹೊರಬರಬೇಕಾದರೆ ಬೆಟ್ಟ ಒಡೆಯಬೇಕು, ನೀರು ಆರಿಸಬೇಕು, ಬೇಕಾದಷ್ಟು ಇಂಧನ ಸುಡಬೇಕು. ಹಾಗಾಗಿ ಒಂದು ಬ್ಯಾಟರಿ ಮೂರು ವರ್ಷ ಬಾಳುವ ಬದಲು ಐದು ವರ್ಷ ಬಾಳಿದರೆ ಅದು ಸಣ್ಣ ಸಂಗತಿಯಲ್ಲ. ಹೆಚ್ಚು ಕಾಲ ಬಾಳಿಸುವ ಒಂದು ಉಪಾಯ ಕೀಲಿಮಣೆಯಲ್ಲೇ ಇದೆ. ಅದನ್ನು ಹೇಳುವ ಮೊದಲು ಬ್ಯಾಟರಿಯ ಒಳಗೆ ಏನು ನಡೆಯುತ್ತದೆ ಅಂತ ನೋಡೋಣ.

ಬ್ಯಾಟರಿಯ ಒಳಗೆ ಎರಡು ಮನೆಗಳಿವೆ ಅಂದುಕೊಳ್ಳಿ. ಒಂದು ಗ್ರಾಫೈಟ್‌ನದು. ಪೆನ್ಸಿಲ್ ಕಡ್ಡಿಯಲ್ಲಿ ಇರುತ್ತದಲ್ಲ, ಅದೇ. ಇನ್ನೊಂದು ಕೋಬಾಲ್ಟ್‌ನಂಥ ಲೋಹದ ಆಕ್ಸೈಡಿನದು. ನಡುವೆ ಒಂದು ದ್ರಾವಣ. ನೀವು ಚಾರ್ಜರ್ ಸಿಕ್ಕಿಸಿದಾಗ ಲಿಥಿಯಂ ಅಯಾನುಗಳು ಆಕ್ಸೈಡಿನಿಂದ ಹೊರಟು, ದ್ರಾವಣದಲ್ಲಿ ಸಾಗಿ, ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಆರು ಇಂಗಾಲದ ಪರಮಾಣುಗಳಿಗೆ ಒಂದು ಲಿಥಿಯಂನಂತೆ ಸೇರಿದರೆ ಜಾಗ ಪೂರ್ತಿ ತುಂಬಿತು. ನೀವು ಲ್ಯಾಪ್‌ಟಾಪ್ ಬಳಸುವಾಗ ಅವೆಲ್ಲ ಮತ್ತೆ ಬಂದ ದಾರಿಯಲ್ಲೇ ಹಿಂದಿರುಗುತ್ತವೆ. ಈ ಓಡಾಟದ ಜೊತೆಗೇ ಕರೆಂಟು ಹರಿಯುತ್ತದೆ. ಇಂಥ ಬ್ಯಾಟರಿಯನ್ನು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂತು. ಇದರ ಹಿಂದಿನ ಕೆಲಸಕ್ಕಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಮೂವರಿಗೂ 2019ರ ರಸಾಯನಶಾಸ್ತ್ರದ ನೊಬೆಲ್ ಬಂತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ! ಅಷ್ಟು ವಯಸ್ಸಿನಲ್ಲಿ ನೊಬೆಲ್ ಪಡೆದವರು ಬೇರೆ ಯಾರೂ ಇಲ್ಲ.

ಈಗ ನಮ್ಮ ಊರಿನ ಕಬ್ಬಿನ ಗಾಡಿಯನ್ನು ನೆನೆಸಿಕೊಳ್ಳಿ. ಮೊದಲ ಹೊರೆಗಳನ್ನು ಸಲೀಸಾಗಿ ಎತ್ತಿ ಹಾಕುತ್ತಾರೆ. ಗಾಡಿ ತುಂಬುತ್ತಾ ಬಂದಂತೆ ಮೇಲೊಬ್ಬರು ನಿಂತು ಎಳೆದುಕೊಳ್ಳಬೇಕು, ಹಗ್ಗ ಬಿಗಿಯಬೇಕು, ಕೆಲಸ ನಿಧಾನವಾಗುತ್ತದೆ. ಕೊನೆಯ ನಾಲ್ಕು ಹೊರೆಗೆ ಅಚ್ಚೇ ಕಿರುಗುಟ್ಟುತ್ತದೆ. ಬ್ಯಾಟರಿಯಲ್ಲೂ ಕೊನೆಯ ಭಾಗ ತುಂಬುವುದು ಹೀಗೇ ನಿಧಾನ, ಹೀಗೇ ಭಾರ. ಪೂರ್ತಿ ತುಂಬಿದಾಗ ಸಾಮಾನ್ಯವಾಗಿ ಒಂದೊಂದು ಕೋಶದ ವೋಲ್ಟೇಜ್ ಸುಮಾರು 4.2ಕ್ಕೆ ಏರಿರುತ್ತದೆ. ಅಷ್ಟು ಎತ್ತರದ ವೋಲ್ಟೇಜಿನಲ್ಲಿ ಒಳಗಿನ ದ್ರಾವಣ ಮೆಲ್ಲಗೆ ಒಡೆಯತೊಡಗುತ್ತದೆ. ಗ್ರಾಫೈಟಿನ ಮೇಲೊಂದು ತೆಳು ಪೊರೆ ದಿನದಿಂದ ದಿನಕ್ಕೆ ದಪ್ಪವಾಗುತ್ತದೆ, ಸ್ವಲ್ಪ ಲಿಥಿಯಂ ಆ ಪೊರೆಯಲ್ಲೇ ಸಿಕ್ಕಿಕೊಂಡುಬಿಡುತ್ತದೆ. ಸಿಕ್ಕಿಕೊಂಡದ್ದು ಮತ್ತೆ ಓಡಾಡಲಾರದು. ಬ್ಯಾಟರಿಗೆ ವಯಸ್ಸಾಗುವುದು ಅಂದರೆ ಬಹುಪಾಲು ಇದೇ. ಬಿಸಿ ಹೆಚ್ಚಿದಷ್ಟೂ ಇದು ಬೇಗ ಆಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಶೀಟ್ ಮನೆಯೊಳಗೆ, ನೂರಕ್ಕೆ ನೂರು ತುಂಬಿ, ಚಾರ್ಜರ್ ಕೀಳದೆ, ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪ್ ಇದೆಯಲ್ಲ, ಅದರ ಬ್ಯಾಟರಿಗೆ ಅದಕ್ಕಿಂತ ಕಷ್ಟದ ಹೊತ್ತು ಇನ್ನೊಂದಿಲ್ಲ.

ಹಾಗಾದರೆ ಯಾವಾಗಲೂ ಕರೆಂಟಿಗೆ ಸಿಕ್ಕಿಸಿಯೇ ಇಡುವ ಲ್ಯಾಪ್‌ಟಾಪಿಗೆ, ‘ಎಂಬತ್ತಾದರೆ ನಿಲ್ಲಿಸು’ ಅಂತ ಹೇಳಬಹುದೇ? ಹೇಳಬಹುದು, ಅದೂ ಬರೆದೇ ಹೇಳಬಹುದು. ಅದಕ್ಕೆ ಟರ್ಮಿನಲ್ ಎಂಬ ಕಿಟಕಿ ಇದೆ. ಅದರಲ್ಲಿ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ನೀವು ಒಂದು ಸಾಲು ಬರೆದು ಎಂಟರ್ ಒತ್ತಿದರೆ ಯಂತ್ರ ಉತ್ತರ ಕೊಡುತ್ತದೆ. ನಾನಿಲ್ಲಿ ಲಿನಕ್ಸ್ ಇರುವ ಲ್ಯಾಪ್‌ಟಾಪಿನ ಮಾತು ಹೇಳುತ್ತಿದ್ದೇನೆ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ ಲಿನಕ್ಸ್ ಹೊಸದಲ್ಲ, ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ಅದೇ.

ಲಿನಕ್ಸ್‌ನಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಚಾರ ಇದೆ. ಅದು ಯಂತ್ರದ ಭಾಗಗಳನ್ನೂ ಫೈಲುಗಳಂತೆ ತೋರಿಸುತ್ತದೆ. ‘ಸಿಸ್’ ಎಂಬ ಫೋಲ್ಡರಿನೊಳಗೆ ‘ಕ್ಲಾಸ್’, ಅದರೊಳಗೆ ‘ಪವರ್_ಸಪ್ಲೈ’, ಅದರೊಳಗೆ ‘ಬ್ಯಾಟ್0’. ಈ ಕೊನೆಯ ಫೋಲ್ಡರೇ ನಿಮ್ಮ ಬ್ಯಾಟರಿ! ಕೆಲವು ಲ್ಯಾಪ್‌ಟಾಪುಗಳಲ್ಲಿ ಅದರ ಹೆಸರು ‘ಬ್ಯಾಟ್1’ ಅಂತ ಇರುತ್ತದೆ. ಒಳಗಿರುವ ಫೈಲುಗಳು ಯಾವ ಡಿಸ್ಕಿನಲ್ಲೂ ಇಲ್ಲ. ನೀವು ತೆರೆದ ಕ್ಷಣಕ್ಕೆ ಯಂತ್ರ ಬ್ಯಾಟರಿಯನ್ನು ವಿಚಾರಿಸಿ ಉತ್ತರ ತುಂಬಿಸುತ್ತದೆ. ‘ಕ್ಯಾಟ್’ ಎಂಬ ಮೂರಕ್ಷರದ ಆಜ್ಞೆ ಫೈಲನ್ನು ಓದಿ ತೋರಿಸುತ್ತದೆ. ‘ಕೆಪ್ಯಾಸಿಟಿ’ ಎಂಬ ಫೈಲನ್ನು ಓದಿಸಿ, 63 ಅಂತಲೋ 91 ಅಂತಲೋ ಬರುತ್ತದೆ. ಈಗ ಬ್ಯಾಟರಿ ತುಂಬಿರುವುದು ಶೇಕಡಾ ಅಷ್ಟು. ನೆನಪಿಡಿ, ನಾನು ಕನ್ನಡದಲ್ಲಿ ಬರೆದರೂ ಆಜ್ಞೆಗಳನ್ನೂ ಹೆಸರುಗಳನ್ನೂ ಟೈಪ್ ಮಾಡಬೇಕಾದ್ದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ. ಬ್ಯಾಟರಿಯ ಫೋಲ್ಡರಿನ ಹೆಸರೊಂದು ಮಾತ್ರ ದೊಡ್ಡಕ್ಷರಗಳಲ್ಲಿ.

ಇನ್ನೂ ಸ್ವಾರಸ್ಯದ ಲೆಕ್ಕವೊಂದಿದೆ. ‘ಎನರ್ಜಿ_ಫುಲ್_ಡಿಸೈನ್’ ಎಂಬ ಫೈಲು ಬ್ಯಾಟರಿ ಹೊಸದಾಗಿದ್ದಾಗ ಎಷ್ಟು ಹಿಡಿಯಬೇಕಿತ್ತು ಅಂತ ಹೇಳುತ್ತದೆ. ‘ಎನರ್ಜಿ_ಫುಲ್’ ಈಗ ಎಷ್ಟು ಹಿಡಿಯುತ್ತದೆ ಅಂತ. ಮೊದಲನೆಯದು 5,00,00,000 ಅಂತ ತೋರಿಸಿದರೆ ಗಾಬರಿಯಾಗಬೇಡಿ, ಅದು ಮೈಕ್ರೊವ್ಯಾಟ್-ಗಂಟೆಯ ಲೆಕ್ಕ. ಹತ್ತು ಲಕ್ಷದಿಂದ ಭಾಗಿಸಿದರೆ 50 ವ್ಯಾಟ್-ಗಂಟೆ. ಎರಡನೆಯದು 41 ವ್ಯಾಟ್-ಗಂಟೆ ಆದರೆ, 41ನ್ನು 50ರಿಂದ ಭಾಗಿಸಿ ನೂರರಿಂದ ಗುಣಿಸಿ: 82 ಬಂತು. ನಿಮ್ಮ ಬ್ಯಾಟರಿಯಲ್ಲಿ ಶೇಕಡಾ 82ರಷ್ಟು ತ್ರಾಣ ಉಳಿದಿದೆ. ವಿಂಡೋಸ್ ಇದ್ದರೂ ಇದನ್ನು ತಿಳಿಯಬಹುದು. ಅಲ್ಲಿನ ಕಮಾಂಡ್ ಕಿಟಕಿಯಲ್ಲಿ ‘ಪವರ್‌ಸಿಎಫ್‌ಜಿ’ ಅಂತ ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ, ‘ಬ್ಯಾಟರಿರಿಪೋರ್ಟ್’ ಅಂದರೆ ಒಂದು ಪೂರ್ತಿ ವರದಿಯೇ ಸಿದ್ಧವಾಗುತ್ತದೆ.

ಒಂದು ಪ್ರಯೋಗವನ್ನೂ ಮಾಡಿ. ಚಾರ್ಜರ್ ಕಿತ್ತು ‘ಪವರ್_ನೌ’ ಎಂಬ ಫೈಲು ಇದ್ದರೆ ಓದಿ. ಪರದೆಯ ಬೆಳಕನ್ನು ಅರ್ಧ ಮಾಡಿ, ಒಂದು ನಿಮಿಷ ಬಿಟ್ಟು ಮತ್ತೆ ಓದಿ. ಅಂಕಿ ಇಳಿದಿರುತ್ತದೆ. 50 ವ್ಯಾಟ್-ಗಂಟೆಯ ಬ್ಯಾಟರಿಯಿಂದ 10 ವ್ಯಾಟ್ ಖರ್ಚಾಗುತ್ತಿದ್ದರೆ ಐದು ಗಂಟೆ, 8 ವ್ಯಾಟ್ ಆದರೆ ಆರು ಗಂಟೆ ದಾಟುತ್ತದೆ. ಬೆಳಕು ತಗ್ಗಿಸಿ ಅಂತ ದೊಡ್ಡವರು ಯಾಕೆ ಹೇಳುತ್ತಾರೆ ಅನ್ನುವುದು ಆಗ ಅಂಕಿಯಲ್ಲೇ ಕಾಣುತ್ತದೆ.

ಇನ್ನು ಮುಖ್ಯವಾದ ಫೈಲು: ‘ಚಾರ್ಜ್_ಕಂಟ್ರೋಲ್_ಎಂಡ್_ಥ್ರೆಶೋಲ್ಡ್’. ಹೆಸರು ಉದ್ದ, ಕೆಲಸ ಸರಳ. ಅದರಲ್ಲಿ ಸಾಮಾನ್ಯವಾಗಿ 100 ಅಂತ ಇರುತ್ತದೆ. ಅಲ್ಲಿ 80 ಅಂತ ಬರೆದರೆ ಚಾರ್ಜ್ ಆಗುವುದು ಎಂಬತ್ತಕ್ಕೇ ನಿಲ್ಲುತ್ತದೆ. ಆಮೇಲೆ ಲ್ಯಾಪ್‌ಟಾಪ್ ಚಾರ್ಜರಿನಿಂದಲೇ ನೇರವಾಗಿ ನಡೆಯುತ್ತದೆ, ಬ್ಯಾಟರಿ ಆರಾಮವಾಗಿರುತ್ತದೆ. ಓದುವುದಕ್ಕೆ ಯಾರಿಗೂ ತಡೆಯಿಲ್ಲ. ಬರೆಯುವುದಕ್ಕೆ ಮಾತ್ರ ‘ಸುಡೊ’ ಎಂಬ ಆಜ್ಞೆಯೂ ಯಜಮಾನರ ಪಾಸ್‌ವರ್ಡೂ ಬೇಕು. ಆದ್ದರಿಂದ ಅಪ್ಪ, ಅಮ್ಮ, ಅಣ್ಣ, ಟೀಚರ್ ಯಾರಾದರೂ ಪಕ್ಕದಲ್ಲಿ ಕೂತಿದ್ದಾಗಲೇ ಇದನ್ನು ಮಾಡಿ. ಈ ಫೈಲು ಎಲ್ಲ ಲ್ಯಾಪ್‌ಟಾಪುಗಳಲ್ಲೂ ಇರುವುದಿಲ್ಲ. ಥಿಂಕ್‌ಪ್ಯಾಡ್‌ಗಳಲ್ಲಿ, ಅನೇಕ ಅಸೂಸ್‌ಗಳಲ್ಲಿ ಇದೆ. ಕೆಲವು ಲೆನೊವೊಗಳಲ್ಲಿ ಇದರ ಬದಲು ‘ಕನ್ಸರ್ವೇಶನ್_ಮೋಡ್’ ಎಂಬುದಿದ್ದು, ಅದಕ್ಕೆ 1 ಅಂದರೆ ಸಾಕು. ಕೆಲವು ಯಂತ್ರಗಳು ಆರಿಸಿ ಹಚ್ಚಿದರೆ ಹೇಳಿದ್ದನ್ನು ಮರೆಯುತ್ತವೆ. ಪ್ರತಿ ಸಲವೂ ನೆನಪಿಸುವ ಕೆಲಸವನ್ನು ‘ಟಿಎಲ್‌ಪಿ’ ಎಂಬ ಉಚಿತ ಸಾಫ್ಟ್‌ವೇರಿಗೆ ಒಪ್ಪಿಸಬಹುದು.

ಎಂಬತ್ತೇ ಯಾಕೆ, ಐವತ್ತು ಯಾಕಾಗಬಾರದು ಅಂತ ಕೇಳುತ್ತೀರಿ. ಐವತ್ತಾದರೆ ಬ್ಯಾಟರಿಗೆ ಇನ್ನೂ ಹಿತ, ನಿಜ. ಆದರೆ ಬ್ಯಾಟರಿ ಇರುವುದು ನಮ್ಮ ಉಪಯೋಗಕ್ಕೆ. ನಾಳೆ ಇಡೀ ದಿನ ಕರೆಂಟ್ ಇರುವುದಿಲ್ಲ ಅಂತ ಗೊತ್ತಾದರೆ, ಅಥವಾ ಲ್ಯಾಪ್‌ಟಾಪ್ ಹಿಡಿದು ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟರೆ, ಹಿಂದಿನ ರಾತ್ರಿ 100 ಅಂತ ಬರೆದು ಪೂರ್ತಿ ತುಂಬಿಸಿಕೊಳ್ಳಿ. ಒಂದು ದಿನ ತುಂಬಿದರೆ ಏನೂ ಆಗದು. ತಿಂಗಳುಗಟ್ಟಲೆ ತುಂಬಿಯೇ ಇಡುವುದು ತಪ್ಪು. ಪೂರ್ತಿ ಖಾಲಿ ಮಾಡಿ ಮೂಲೆಯಲ್ಲಿಡುವುದೂ ಅಷ್ಟೇ ತಪ್ಪು. ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಗೆ ಹೋಗುವಾಗ ಅರ್ಧದಷ್ಟು ತುಂಬಿಸಿ, ಆರಿಸಿ, ತಣ್ಣಗಿರುವ ಕಡೆ ಇಡಿ.

ಒಂದು ಎಚ್ಚರಿಕೆ. ಲ್ಯಾಪ್‌ಟಾಪಿನ ಹೊಟ್ಟೆ ಉಬ್ಬಿದಂತೆ ಕಂಡರೆ, ಕೀಲಿಮಣೆ ಮೇಲೆದ್ದರೆ, ಬ್ಯಾಟರಿಯೊಳಗೆ ಅನಿಲ ತುಂಬಿದೆ ಅಂತ ಅರ್ಥ. ಆಗ ಯಾವ ಆಜ್ಞೆಯೂ ಬೇಡ. ಚಾರ್ಜರ್ ಕಿತ್ತು ದೊಡ್ಡವರಿಗೆ ತಕ್ಷಣ ಹೇಳಿ. ಒತ್ತಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೆ ಹಾಕಬೇಡಿ. ಚುಚ್ಚಿದರೆ ಬೆಂಕಿ ಹತ್ತಿಕೊಳ್ಳಬಹುದು. ಹಳೆಯ ಬ್ಯಾಟರಿ ಹೋಗಬೇಕಾದ್ದು ಇ-ತ್ಯಾಜ್ಯ ತೆಗೆದುಕೊಳ್ಳುವವರ ಕೈಗೆ. ಅದರೊಳಗಿನ ಲಿಥಿಯಂ, ಕೋಬಾಲ್ಟ್‌ಗಳನ್ನು ಮತ್ತೆ ಹೊರತೆಗೆದು ಬಳಸಬಹುದು.

ಮನೆಯಲ್ಲೋ ಶಾಲೆಯಲ್ಲೋ ಲ್ಯಾಪ್‌ಟಾಪ್ ಇದ್ದರೆ, ಈ ವಾರವೇ ದೊಡ್ಡವರ ಜೊತೆ ಕೂತು ‘ಎನರ್ಜಿ_ಫುಲ್’, ‘ಎನರ್ಜಿ_ಫುಲ್_ಡಿಸೈನ್’ ಎರಡರ ಅಂಕಿಗಳನ್ನೂ ಓದಿಸಿ, ಭಾಗಾಕಾರ ಮಾಡಿ, ತಾರೀಕಿನೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆರು ತಿಂಗಳಿಗೊಮ್ಮೆ ಮತ್ತೆ ಬರೆಯಿರಿ. ಎಂಬತ್ತಕ್ಕೆ ನಿಲ್ಲಿಸುವ ಲ್ಯಾಪ್‌ಟಾಪಿನದೂ ನೂರರಲ್ಲೇ ಇರುವ ಲ್ಯಾಪ್‌ಟಾಪಿನದೂ ಎರಡೂ ಲೆಕ್ಕ ಸಿಕ್ಕರೆ ಅಕ್ಕಪಕ್ಕ ಇಟ್ಟು ನೋಡಿ, ನಿಮ್ಮ ತರಗತಿಯವರಿಗೂ ತೋರಿಸಿ.