ಜನ ಹೆಚ್ಚೋ, ಹಂಚಿಕೆ ಕಡಿಮೆಯೋ?



ನೂಕುನುಗ್ಗಲಿನ ಬಸ್ಸಿನಲ್ಲಿ ನಿಂತಾಗ, ಆಸ್ಪತ್ರೆಯ ಸಾಲಿನಲ್ಲಿ ಕಾದಾಗ ನಮ್ಮ ಬಾಯಿಂದ ಬರುವ ಮೊದಲ ಮಾತು 'ಜನ ಜಾಸ್ತಿಯಾಗಿಬಿಟ್ಟರು' ಎಂಬುದು. ಪ್ರಬಂಧ ಸ್ಪರ್ಧೆಗಳಲ್ಲಂತೂ 'ಜನಸಂಖ್ಯಾ ಸ್ಫೋಟ' ಎಂಬ ಶೀರ್ಷಿಕೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಅದರಲ್ಲಿ ಸತ್ಯವಿಲ್ಲವೆಂದಲ್ಲ. 1951ರ ಜನಗಣತಿಯಲ್ಲಿ ನಾವು 36 ಕೋಟಿ ಇದ್ದೆವು. 2011ರಲ್ಲಿ 121 ಕೋಟಿ. ಆದರೆ ಹಸಿವಿಗೆ ಇದೊಂದೇ ಕಾರಣವೇ?

ಜನಸಂಖ್ಯೆ ಗುಣೋತ್ತರ ಶ್ರೇಢಿಯಲ್ಲಿ, ಆಹಾರ ಸಮಾಂತರ ಶ್ರೇಢಿಯಲ್ಲಿ ಬೆಳೆಯುತ್ತದೆ ಎಂದು ಇಂಗ್ಲೆಂಡಿನ ಥಾಮಸ್ ಮಾಲ್ಥಸ್ 1798ರಲ್ಲಿ ವಾದಿಸಿದ. ನಮ್ಮ ದೇಶದ ಅನುಭವ ಬೇರೆ. 1950-51ರಲ್ಲಿ ಬೆಳೆದ ಆಹಾರಧಾನ್ಯ ಸುಮಾರು 5 ಕೋಟಿ ಟನ್. 2022-23ರಲ್ಲಿ ಸುಮಾರು 33 ಕೋಟಿ ಟನ್. ಜನ ನಾಲ್ಕು ಪಟ್ಟಾದರೆ ಧಾನ್ಯ ಆರು ಪಟ್ಟಾಯಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35ಕ್ಕೂ ಹೆಚ್ಚು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಶುದ್ಧ ನೀರು, ತಾಯಿಯ ಆರೋಗ್ಯ ಇವೂ ಇದರ ಹಿಂದಿವೆ. ಕಣಜ ತುಂಬಿದ ಮಾತ್ರಕ್ಕೆ ತಟ್ಟೆ ತುಂಬುವುದಿಲ್ಲ ಎಂಬುದಂತೂ ಸ್ಪಷ್ಟ.

ಇದನ್ನು ಅರಿಯಲು 1943ರ ಬಂಗಾಳದ ಕ್ಷಾಮವನ್ನು ನೆನೆಯಬೇಕು. ಸತ್ತವರು ಸುಮಾರು 30 ಲಕ್ಷ ಎಂಬ ಅಂದಾಜಿದೆ. ಅಕ್ಕಿಯೇ ಇರಲಿಲ್ಲವೆಂದು ಬಹುಕಾಲ ನಂಬಲಾಗಿತ್ತು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೆಕ್ಕ ಹಾಕಿ ನೋಡಿದರು: ಆ ವರ್ಷ ದೊರೆಯಬಹುದಾಗಿದ್ದ ಆಹಾರ, ಕ್ಷಾಮವಿಲ್ಲದ 1941ಕ್ಕಿಂತ ಹೆಚ್ಚೇ ಇತ್ತು! ಯುದ್ಧದ ಖರ್ಚು, ಗಾಬರಿ, ದಾಸ್ತಾನುಗಳಿಂದ ಬೆಲೆ ಎರಡು ಪಟ್ಟಿಗೂ ಮೀರಿ ಏರಿತು, ಕೂಲಿ ಏರಲಿಲ್ಲ. ಕಲ್ಕತ್ತೆಯ ಯುದ್ಧೋದ್ಯಮಗಳ ನೌಕರರಿಗೆ ಅಗ್ಗದ ಅಕ್ಕಿ ಸಿಕ್ಕಿತು. ಹಳ್ಳಿಯ ಭೂಹೀನ ಕೂಲಿಗಳು, ಬೆಸ್ತರು ಸತ್ತರು. ಮಾರುಕಟ್ಟೆಗೆ ಕಿವಿಯುಂಟು, ಆದರೆ ಅದಕ್ಕೆ ಕೇಳಿಸುವುದು ಹಣದ ಸದ್ದು ಮಾತ್ರ, ಹೊಟ್ಟೆಯ ಸದ್ದಲ್ಲ.

ಬಂಡವಾಳಶಾಹಿ ವ್ಯವಸ್ಥೆ ಉತ್ಪಾದನೆಯನ್ನು ಹೆಚ್ಚಿಸಿದ್ದನ್ನು ಅಲ್ಲಗಳೆಯಲಾಗದು. ಆದರೆ ಅದರ ಒಂದು ಚಾಳಿಯನ್ನು ಗಮನಿಸಿ. ಅಗ್ಗದ ಕೂಲಿ ಬೇಕಾದಾಗ ಜನ 'ಸಂಪನ್ಮೂಲ'. ನೀರು, ಮನೆ, ಶಾಲೆ ಕೇಳಿದಾಗ ಅದೇ ಜನ 'ಹೊರೆ'. ಬೆಂಗಳೂರಿನ ಬಹುಮಹಡಿ ಕಟ್ಟಡಗಳನ್ನು ಕಟ್ಟುವವರು ಪಕ್ಕದಲ್ಲೇ ತಗಡಿನ ಶೆಡ್ಡಿನಲ್ಲಿರುತ್ತಾರೆ. ಭೂಮಿಗೆ ಭಾರವಾಗುವುದು ತಲೆಯ ಲೆಕ್ಕದಿಂದ ಮಾತ್ರವೂ ಅಲ್ಲ: ಅಮೆರಿಕದ ಒಬ್ಬ ಪ್ರಜೆಯ ಸರಾಸರಿ ಇಂಗಾಲಾಮ್ಲ ವಿಸರ್ಜನೆ ಭಾರತೀಯನಿಗಿಂತ ಸುಮಾರು ಏಳು ಪಟ್ಟು.

ಹಾಗಾದರೆ ಕುಟುಂಬ ಯೋಜನೆ ಬೇಡವೇ? ಖಂಡಿತ ಬೇಕು. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಮುಂದಾಗಿತ್ತೆಂಬುದು ನಮಗೆ ಹೆಮ್ಮೆ. ಪ್ರಶ್ನೆ ಇರುವುದು ದಾರಿಯ ಬಗ್ಗೆ. ತುರ್ತುಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ಬಹುಪಾಲು ಗಂಡಸರಿಗೆ, ಎಷ್ಟೋ ಕಡೆ ಬಲವಂತದಿಂದ. ಸಿಕ್ಕಿಬಿದ್ದವರಲ್ಲಿ ಬಡವರೇ ಹೆಚ್ಚು. ಕೇರಳದಲ್ಲಿ ಅಂಥ ಬಲಾತ್ಕಾರದ ಹಾದಿ ಹಿಡಿಯದೆ, ಹೆಣ್ಣುಮಕ್ಕಳ ಶಾಲೆ, ಹತ್ತಿರದ ಆಸ್ಪತ್ರೆ, ಭೂಸುಧಾರಣೆಗಳ ಬಲದಿಂದ 1980ರ ದಶಕದ ಕೊನೆಗೇ ಒಬ್ಬ ತಾಯಿಗೆ ಸರಾಸರಿ ಎರಡು ಮಕ್ಕಳ ಆಸುಪಾಸಿಗೆ ಬಂದಾಗಿತ್ತು. ಹುಟ್ಟಿದ ಮಗು ಉಳಿಯುತ್ತದೆಂಬ ಭರವಸೆ ತಾಯಿಗಿದ್ದರೆ, 'ಸಾಕು' ಎನ್ನುವ ಅಧಿಕಾರವೂ ಅವಳಿಗಿದ್ದರೆ, ಪೊಲೀಸರ ಅಗತ್ಯವೇ ಬೀಳದು. 2019-21ರ ಸಮೀಕ್ಷೆಯ ವೇಳೆಗೆ ಕರ್ನಾಟಕದಲ್ಲಿ ಈ ಸರಾಸರಿ 1.7, ದೇಶದಲ್ಲಿ 2.0 ಇತ್ತು.

ಸ್ಫೋಟದ ಮಾತು ಹಳತಾಯಿತು. ಮೌಲ್ಯದ ಮಾತು ಹಾಗೇ ಉಳಿದಿದೆ. ಗಂಡಸರ ಶಸ್ತ್ರಚಿಕಿತ್ಸೆ ಹೆಂಗಸರದಕ್ಕಿಂತ ಸುಲಭ, ಅಪಾಯವೂ ಕಡಿಮೆ. ಆದರೂ ಅದೇ ಸಮೀಕ್ಷೆಯಲ್ಲಿ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 38 ಮಂದಿ ತಾವೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡದ್ದು ಸಾವಿರಕ್ಕೆ ಮೂರು. ಸಮಾನತೆಯ ಬಗ್ಗೆ ಭಾಷಣ ಸ್ಪರ್ಧೆಗೆ ಸಿದ್ಧರಾಗುವ ಮುನ್ನ ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೊಮ್ಮೆ ಹೋಗಿ, ಕಳೆದ ವರ್ಷ ಅಲ್ಲಿಗೆ ಇದಕ್ಕಾಗಿ ಬಂದ ಗಂಡಸರೆಷ್ಟು ಎಂದು ಕೇಳಿ ನೋಡಿ.